ಗೊಟ್ಟಿಯ ನಾಡಿನ ಒಗಟಿನ ಬಳಗ

ಇಂದು ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳಾಗಿ ಹಂಚಿಹೋಗಿರುವ, ಅರೆಮಲೆನಾಡೆಂದು ಭೂಗೋಳದವರು ಕರೆಯುವ, ಗದ್ದೆ, ಕೆರೆ, ಅಡಕೆತೋಟ, ಕುರುಚಲು ಕಾಡುಗಳು ಒಂದರ ಸೆರಗನ್ನೊಂದು ಹಿಡಿದುಕೊಂಡಿರುವ ಈ ಸೀಮೆಯು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರವೆಂಬ ದೊಡ್ಡ ನಾಡಿನ ಹೃದಯಭಾಗವಾಗಿತ್ತು. ಆ ನಾಡನ್ನು ಕುರಿತು ಪಂಪನು 941ರಲ್ಲಿ ಮುಗಿಸಿದ ತನ್ನ ಭಾರತಕಾವ್ಯದಲ್ಲಿ ಆಡಿರುವ ಮಾತುಗಳನ್ನು ಶಾಲೆಯ ಮಕ್ಕಳೂ ಬಲ್ಲರು; ಆದರೆ ಮರಿದುಂಬಿ ಕೋಗಿಲೆಗಳ ಆಸೆಯನ್ನು ನೆನೆಯುವ ಭರದಲ್ಲಿ, ಅಲ್ಲಿಯ ಮನುಷ್ಯರನ್ನು ಮನುಷ್ಯರೆನ್ನಿಸುವ ಗುಣಗಳೆಂದು ಆ ಕವಿ ತ್ಯಾಗ, ಭೋಗ, ವಿದ್ಯೆ, ಗಾನಗಳ ಜೊತೆಗೆ ಗೊಟ್ಟಿಯನ್ನೂ ಎಣಿಸಿರುವನೆಂಬುದನ್ನು ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಸಮಾನಮನಸ್ಕರು ಒಂದೆಡೆ ಕುಳಿತು, ಯಾವ ಲೌಕಿಕ ಪ್ರಯೋಜನವನ್ನೂ ಬಯಸದೆ, ಮಾತಿಗೆ ಮಾತು ಕೂಡಿಸಿ ಸುಖಪಡುವುದೇ ಗೊಟ್ಟಿ. ಬರಿಯ ಹರಟೆಯನ್ನು ಯುದ್ಧವೀರನಾದ ಕವಿಯೊಬ್ಬನು ದಾನಗುಣದ ಪಂಕ್ತಿಯಲ್ಲಿ ಕುಳ್ಳಿರಿಸಿದನೆಂದರೆ ಆ ಹರಟೆಯಲ್ಲಿ ಏನೋ ಸತ್ತ್ವವಿದ್ದಿರಲೇಬೇಕು.

ಗೋಷ್ಠಿಯ ವಿನೋದಗಳಲ್ಲಿ ಪ್ರಹೇಳಿಕೆಗೆ, ಎಂದರೆ ಒಗಟಿಗೆ, ಬಹಳ ಹಿಂದಿನಿಂದಲೂ ಮರ್ಯಾದೆಯ ಸ್ಥಾನವುಂಟು. ವಾತ್ಸ್ಯಾಯನನು ಅರುವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾನೆ. ಅಲ್ಲದೆ, ಗೋಷ್ಠಿಯಲ್ಲಿ ಕೇವಲ ಸಂಸ್ಕೃತವನ್ನೂ ಆಡದೆ ಕೇವಲ ದೇಶಭಾಷೆಯನ್ನೂ ಆಡದೆ ಎರಡನ್ನೂ ಹದವಾಗಿ ಬೆರಸುವವನು ಜನರ ಮನ್ನಣೆಗೆ ಪಾತ್ರನಾಗುತ್ತಾನೆಂದು ಬುದ್ಧಿಯನ್ನೂ ಹೇಳಿದ್ದಾನೆ. ಸುಮಾರು ಏಳನೆಯ ಶತಮಾನದ ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಯ ಹದಿನಾರು ಬಗೆಗಳನ್ನು ವಿಂಗಡಿಸುವಾಗ, ಇದರಿಂದ ಏನು ಉಪಯೋಗವೆಂಬ ಪ್ರಶ್ನೆಯನ್ನು ತಾನೇ ಊಹಿಸಿಕೊಂಡು, ಮೂರು ಉತ್ತರಗಳನ್ನು ಕೊಡುತ್ತಾನೆ: ಆಟದ ಗೋಷ್ಠಿಗಳಲ್ಲಿ ವಿನೋದಕ್ಕೆ, ಜನಸಂದಣಿಯ ನಡುವೆ ಬಲ್ಲವರು ತಮ್ಮತಮ್ಮಲ್ಲಿ ಗುಟ್ಟಾಗಿ ಮಾತನಾಡಿಕೊಳ್ಳುವುದಕ್ಕೆ, ಮತ್ತು ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದಕ್ಕೆ. ನಮ್ಮ ಕವಿರಾಜಮಾರ್ಗವು ದಂಡಿಗೆ ಎಷ್ಟು ಋಣಿಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ದಂಡಿಯ ಈ ಮೂರು ಉತ್ತರಗಳನ್ನು ನೆನಪಿನಲ್ಲಿಟ್ಟುಕೊಂಡರೆ ಈ ಸೀಮೆಯ ಒಗಟಿನ ಚರಿತ್ರೆಯನ್ನು ಹಿಂಬಾಲಿಸುವುದು ಸುಲಭವಾಗುತ್ತದೆ. ಮೂರರಲ್ಲಿಯೂ ಅವನು ಉತ್ತರ ಕಂಡುಹಿಡಿಯುವ ಜಾಣ್ಮೆಯ ಮಾತನ್ನೆತ್ತಿಲ್ಲ, ಸುತ್ತ ಕುಳಿತವರ ಮಾತನ್ನೇ ಎತ್ತಿದ್ದಾನೆಂಬುದು ಗಮನಾರ್ಹ.

ಕೂಡಿ ಕಲಿಯುವ, ಕೂಡಿ ವಾದಿಸುವ ಅಭ್ಯಾಸ ಇಲ್ಲಿಗೆ ಹೊಸದಲ್ಲ. ಶಿಕಾರಿಪುರದ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಕಂಬದ ಮೇಲೆ ಕುಬ್ಜನೆಂಬ ಕವಿ ಕೊರೆಯಿಸಿದ ಸಂಸ್ಕೃತಶಾಸನವು, ಇದೇ ಊರಿನ ಮಯೂರಶರ್ಮನು ವಿದ್ಯಾರ್ಥಿಯಾಗಿ ಕಂಚಿಯ ಘಟಿಕೆಗೆ ಹೋದುದನ್ನೂ, ಅಲ್ಲಿ ಒಬ್ಬ ಕುದುರೆಯಾಳಿನೊಡನೆ ಜಗಳವಾಗಿ ದರ್ಭೆಯ ಕೈಯಲ್ಲಿ ಖಡ್ಗವನ್ನು ತಳೆದುದನ್ನೂ ಹೇಳುತ್ತದೆ. ಸೊರಬದ ಕುಪ್ಪತ್ತೂರು ಅಗ್ರಹಾರವಾಗಿ ಹೆಸರು ಪಡೆದಿತ್ತು. ಆದರೆ ಇವೆಲ್ಲಕ್ಕೂ ಮಿಗಿಲಾದುದು ಬಳ್ಳಿಗಾವಿ. ಅಲ್ಲಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು, ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳು, ಬೌದ್ಧದರ್ಶನವೂ ಸೇರಿದಂತೆ ಬಗೆಬಗೆಯ ಶಾಸ್ತ್ರಗಳು, ಕಾವ್ಯ, ನಾಟಕ ಇವೆಲ್ಲವೂ ವ್ಯಾಖ್ಯಾನಗೊಳ್ಳುತ್ತಿದ್ದ ಸ್ಥಾನವೆಂದು ಆ ಮಠವನ್ನು ವರ್ಣಿಸಿ, ಅಷ್ಟಕ್ಕೇ ನಿಲ್ಲದೆ, ಕುರುಡರು ಕುಂಟರು ಬಡವರಿಗೂ, ಹಾಡುವವರು ಬಾಜಿಸುವವರು ಕುಣಿಯುವವರಿಗೂ, ನಾನಾ ಪಂಥಗಳ ಭಿಕ್ಷುಗಳಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧವುಂಟೆಂದೂ ಹೇಳುತ್ತದೆ. ಮೀಮಾಂಸಕನೂ ಮದ್ದಳೆಯವನೂ ಒಂದೇ ಸೂರಿನ ಕೆಳಗೆ ಉಣ್ಣುತ್ತಿದ್ದ ಊರಿನಲ್ಲಿ ಮಾತು ಯಾವ ಬಗೆಯದಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಆ ಊರಿನ ಮದ್ದಳೆಯವನೊಬ್ಬನೇ ಕನ್ನಡದ ಅತಿದೊಡ್ಡ ಒಗಟುಗಾರನಾದನು. ಅಲ್ಲಮನು ಬಳ್ಳಿಗಾವಿಯವನೆಂದೂ, ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದನೆಂದೂ, ಕಾಮಲತೆಯನ್ನು ಕಳೆದುಕೊಂಡು ಹುಚ್ಚನಂತೆ ಅಲೆದು ಅನಿಮಿಷಯ್ಯನಿಂದ ಲಿಂಗವನ್ನು ಪಡೆದನೆಂದೂ ಹರಿಹರನ ರಗಳೆ ಹೇಳುತ್ತದೆ. ಅವನ ವಚನಗಳಲ್ಲಿ ಒಂದು ದೊಡ್ಡ ಪಾಲು ಬೆಡಗಿನವು. ಅಲ್ಲಿ ಕಪ್ಪೆಯು ಹಾವನ್ನು ನುಂಗೀತು, ನೀರು ಉರಿದೀತು, ಕಾಲಿಲ್ಲದವನು ನಡೆದಾನು. ಬೆಡಗನ್ನು ಪಾಂಡಿತ್ಯದ ಗಂಟೆಂದು ತಿಳಿದು ಹೆದರುವವರು, ಅದು ಹುಟ್ಟಿದುದು ಓದುವವನ ಏಕಾಂತಕ್ಕಾಗಿ ಅಲ್ಲವೆಂಬುದನ್ನು ಮರೆಯುತ್ತಾರೆ. ಎದುರಿಗೆ ಒಬ್ಬರು ಕುಳಿತಿದ್ದಾರೆ. ಅವರು ನಗುತ್ತಾರೆ, ಕೆರಳುತ್ತಾರೆ, ತಿರುಗಿ ಒಂದು ಬೆಡಗನ್ನೆಸೆಯುತ್ತಾರೆ. ಆ ಎದುರುಮಾತಿನ ನಿರೀಕ್ಷೆ ಈ ವಚನಗಳ ಒಡಲಿನಲ್ಲಿಯೇ ಇದೆ.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿ, ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ತಮ್ಮತಮ್ಮ ದೃಷ್ಟಿಗೆ ತಕ್ಕಂತೆ ಹಿಗ್ಗಿಸಿ ತಿದ್ದಿದ ಶೂನ್ಯಸಂಪಾದನೆಯು ಈ ಸಂಗತಿಯನ್ನು ಚೆನ್ನಾಗಿ ಅರಿತಿತ್ತು. ಬಿಡಿಬಿಡಿಯಾಗಿದ್ದ ವಚನಗಳನ್ನು ಅವರು ಸಂವಾದಗಳಾಗಿ ಹೆಣೆದರು. ಆ ಸಂವಾದಗಳೆಲ್ಲವೂ ಕಲ್ಯಾಣದಲ್ಲಿ ಹಾಗೆಯೇ ನಡೆದುವೆಂದು ಚರಿತ್ರಕಾರನು ಒಪ್ಪಲಾರನು. ಆದರೆ ಶರಣರ ಕೂಟವೆಂದರೆ ಹೇಗಿರಬೇಕೆಂದು ಮೂರು ಶತಮಾನಗಳ ಮೇಲೆ ಅವರ ವಾರಸುದಾರರು ಭಾವಿಸಿದ್ದರೆಂಬುದಕ್ಕೆ ಅದಕ್ಕಿಂತ ಉತ್ತಮವಾದ ಸಾಕ್ಷ್ಯವು ಬೇಕಿಲ್ಲ. ಅದರಲ್ಲಿ ಭಕ್ತಿಯಷ್ಟೇ ಚೇಷ್ಟೆಯೂ ಇದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಹುಡುಕಿಕೊಂಡು ಹೋದ ಅಲ್ಲಮನು, ಮಣ್ಣು ಹೊರುತ್ತಿದ್ದವರನ್ನು ‘ನಿಮ್ಮ ಒಡ್ಡರಾಮನೆಲ್ಲಿ’ ಎಂಬ ಧಾಟಿಯಲ್ಲಿ ಕೇಳುತ್ತಾನೆ. ತಮ್ಮ ಗುರುವಿಗೆ ಇಂಥ ಹೆಸರೇ ಎಂದು ಅವರು ಕಲ್ಲು ತೂರುತ್ತಾರೆ. ಇಷ್ಟಾದ ಮೇಲೆ ಆ ಇಬ್ಬರೂ ಜೊತೆಗೂಡಿ ಕಲ್ಯಾಣದ ದಾರಿ ಹಿಡಿಯುತ್ತಾರೆಂಬುದು ನೋಡತಕ್ಕದ್ದು. ಮೂದಲಿಕೆಯಿಂದ ಮುರಿಯುವ ನಂಟೂ ಉಂಟು, ಮೂದಲಿಕೆಯಿಂದಲೇ ಮೊದಲಾಗುವ ನಂಟೂ ಉಂಟು. ಶೂನ್ಯಸಂಪಾದನೆಯ ಸ್ನೇಹಗಳೆಲ್ಲ ಎರಡನೆಯ ಜಾತಿಯವು.

ಅಲ್ಲಮನೇ ಸದಾ ಗೆಲ್ಲುತ್ತಾನೆಂದೂ ಇಲ್ಲ. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದ ಮುಕ್ತಾಯಕ್ಕನಿಗೆ ಅವನು ಮಾತಿಲ್ಲದ ನಿಲುವನ್ನು ಬೋಧಿಸಹೊರಟಾಗ, ಅದನ್ನು ಹೇಳುವುದಕ್ಕೆ ನೀನು ಇಷ್ಟೊಂದು ಮಾತನ್ನೇಕೆ ಬಳಸುತ್ತೀಯೆಂದು ಆಕೆ ಕೇಳಿದುದಕ್ಕೆ ಅವನು ಸುಲಭವಾಗಿ ಉತ್ತರಿಸಲಾರದೆ ಸುತ್ತಿಬಳಸಬೇಕಾಗುತ್ತದೆ. ಇನ್ನು ಬಳ್ಳಿಗಾವಿಗೆ ನೆರೆಯೂರೇ ಆದ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ, ಸೀರೆಯನ್ನು ತೊರೆದವಳಿಗೆ ಕೂದಲಿನ ಮರೆಯೇಕೆಂದು ಅಲ್ಲಮನು ಹಾಕಿದ ಸವಾಲಿಗೆ ಅವಳು ಕೊಟ್ಟ ಜವಾಬು, ಒಳಗಿನ ಹಣ್ಣು ಮಾಗುವವರೆಗೆ ಹೊರಗಿನ ಸಿಪ್ಪೆಯ ಬಣ್ಣ ಕೆಡದೆಂಬ ಆ ತೋಟಗಾರರ ತಿಳಿವಿನ ಮಾತು, ಅಡಕೆ ಬಾಳೆಗಳ ನಾಡಿನ ಹೆಣ್ಣುಮಗಳಿಗೆ ಮಾತ್ರ ಅಷ್ಟು ಸಹಜವಾಗಿ ಹೊಳೆಯಬಹುದಾದುದು. ಒಂದೇ ಸೀಮೆಯ ಇಬ್ಬರು ಪರಸ್ಥಳದಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ಕೆಣಕದೆ ಇರುವುದುಂಟೆ?

ಬಿಜ್ಜಳನ ಅಂತ್ಯಕಾಲದ ಕ್ಷೋಭೆಯಲ್ಲಿ ಕಲ್ಯಾಣದ ಬಳಗ ದಿಕ್ಕಾಪಾಲಾಯಿತು. ಆಮೇಲೆ ಬಂದುದು ಟೀಕಿನ ಯುಗ. ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮುಂದಕ್ಕೆ, ವಿರಕ್ತರು ಬೆಡಗಿನ ವಚನಗಳಿಗೆ ಪದಪದವಾಗಿ ಅರ್ಥ ಬರೆಯತೊಡಗಿದರು: ಕಪ್ಪೆಯೆಂದರೆ ಇದು, ಸರ್ಪವೆಂದರೆ ಅದು. ಅವರ ಶ್ರಮದಿಂದ ನಮಗೆ ಮಹದುಪಕಾರವಾಗಿದೆಯೆಂಬುದು ನಿಜ. ಆದರೂ ಟೀಕನ್ನೋದುವಾಗ, ಮದುವೆಯ ಮನೆಯ ನಗೆಮಾತನ್ನು ಮರುವಾರ ನ್ಯಾಯಾಲಯದಲ್ಲಿ ವಿವರಿಸಿದ ಹಾಗೆ ನನಗೆ ತೋರುವುದುಂಟು. ಬಿಡಿಸುವುದಕ್ಕೆ ಬಳಗವಿಲ್ಲದ ಒಗಟಿಗೆ ವ್ಯಾಖ್ಯಾನ ಬೇಕಾಗುತ್ತದೆ. ಕಾಗಿನೆಲೆಯ ಕನಕದಾಸರ ಮುಂಡಿಗೆಗಳಿಗೂ ಇದೇ ಗತಿ ಬಂದಿತು.

ಮಠಗಳಲ್ಲಿ ಹೀಗೆ ಓಲೆಗರಿಯ ಮೇಲೆ ಒಣಗುತ್ತಿದ್ದ ಸಾಮಗ್ರಿಯು ಊರುಗಳ ಜಗಲಿಯ ಮೇಲೆ ಹಸಿಯಾಗಿಯೇ ಉಳಿಯಿತು. ಈಸೂರು, ಶಿರಾಳಕೊಪ್ಪ, ಉಡುಗಣಿಗಳ ಸುತ್ತಿನ ಒಕ್ಕಲುಮನೆಗಳಲ್ಲಿ, ಸೊರಬದ ತೋಟದ ಮನೆಗಳಲ್ಲಿ, ಒಗಟಿಗೆ ಕಾಲವೂ ಸ್ಥಳವೂ ಗೊತ್ತಾಗಿದ್ದುವು. ಸುಗ್ಗಿಯಲ್ಲಿ ಕಣ ಕಾಯುವ ಇರುಳು ಒಂದು. ಅಡಕೆ ಸುಲಿಯುವ ಇರುಳು ಇನ್ನೊಂದು. ಮಲೆನಾಡಿನ ಕೆಂಪಡಕೆಯು ಹಸಿಯಾಗಿರುವಾಗಲೇ ಕೊಯ್ದು, ಸಿಪ್ಪೆ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸತಕ್ಕ ಪದಾರ್ಥವಾದುದರಿಂದ, ಕೊಯ್ಲಾದ ಕೊನೆಗಳು ಅಂಗಳದಲ್ಲಿ ಬಿದ್ದಿರುವಾಗ ಕಾಯುವುದಕ್ಕೆ ವ್ಯವಧಾನವಿಲ್ಲ. ನೆರೆಹೊರೆಯವರು ಸೇರಿ, ಮೆಟ್ಟುಗತ್ತಿಗಳ ಸಾಲು ಹಾಕಿಕೊಂಡು, ನಡುರಾತ್ರಿಯವರೆಗೆ ಸುಲಿಯಬೇಕು. ಕೈಗೆ ಒಂದೇ ಕೆಲಸ, ಕಣ್ಣಿಗೆ ನಿದ್ದೆ, ಬಾಯಿಗೆ ಕವಳ. ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು, ‘ಹಸಿರಂಗಿ ಕಳಚಿದ, ಬಿಸಿನೀರು ಮಿಂದ, ಬಿಸಿಲಲ್ಲಿ ಮಲಗಿದ, ಕೆಂಪಾಗಿ ಸಭೆಗೆ ಬಂದ, ಯಾರು ಹೇಳಿ ನೋಡುವಾ’ ಎಂಬಂಥದೊಂದನ್ನು ಎಸೆದರೆಂದು ಇಟ್ಟುಕೊಳ್ಳೋಣ. ಉತ್ತರವು ಎಲ್ಲರ ಕೈಯಲ್ಲಿಯೂ ಇದೆ. ಹಿಂದಿನ ವರ್ಷವೂ ಇದನ್ನೇ ಕೇಳಿಯಾಗಿದೆ. ಆದರೂ ಒಡನೆಯೇ ‘ಅಡಕೆ’ ಎಂದು ಹೇಳಿಬಿಡುವವನು ಆ ಕೂಟದಲ್ಲಿ ಅರಸಿಕನೆನ್ನಿಸಿಕೊಳ್ಳುತ್ತಾನೆ. ‘ಯಾರು ಅಂದ್ರೆ? ನಮ್ಮ ಭಾವ. ಮದುವೆ ದಿವ್ಸ ಹಂಗೇ ಬಂದಿದ್ದ’ ಎಂದು ಮೂಲೆಯಿಂದೊಬ್ಬನು, ‘ಮಿಂದಿದ್ದೊಂದು ಸುಳ್ಳು ಮಾರಾಯ’ ಎಂದು ಇನ್ನೊಬ್ಬನು. ಭಾವನು ಸುಮ್ಮನಿದ್ದಾನೆಯೇ? ಅವನ ಸರದಿಯಲ್ಲಿ ಬರುವ ಒಗಟಿನಲ್ಲಿ ಈ ಮೂಲೆಯವನ ಬೋಳುತಲೆಯು ಹುಣ್ಣಿಮೆಯ ಚಂದ್ರನಾಗಿ ಹೊರಬರುವುದು ನಿಶ್ಚಯ.

ಈ ಕೂಟಗಳ ಧರ್ಮಶಾಸ್ತ್ರವನ್ನು ಯಾರೂ ಬರೆದಿಡಲಿಲ್ಲವಾದರೂ ಅದು ಬಿಗಿಯಾಗಿಯೇ ಇತ್ತು. ಗೊತ್ತಿದ್ದ ಒಗಟನ್ನು ಗೊತ್ತಿಲ್ಲದವರಂತೆ ಕೇಳಿಸಿಕೊಳ್ಳುವುದು ಹಿರಿಯರ ಕರ್ತವ್ಯ. ಇಲ್ಲವಾದರೆ ಮಕ್ಕಳಿಗೆ ಎಡೆಯೆಲ್ಲಿ? ಕೇಳಿಸಿಕೊಂಡವನು ಸುಳಿವನ್ನು ಬೇಡಿದರೆ ಕೊಡಬೇಕು, ಕೊಡುವಾಗ ಅವನ ಮಂದಬುದ್ಧಿಯನ್ನು ಹಂಗಿಸುವ ಹಕ್ಕು ಕೊಟ್ಟವನದು. ಭಾವ ಭಾವಮೈದುನರು, ಅತ್ತಿಗೆ ಮೈದುನರು, ಅಜ್ಜ ಮೊಮ್ಮಕ್ಕಳು ಇವರೊಳಗೆ ಯಾವ ಮಾತೂ ಸಲ್ಲುವುದು. ಮಾವನ ಎದುರಿಗೆ ಅಳಿಯನು ನಾಲಗೆಯನ್ನು ಹಿಡಿದಾಡಬೇಕು. ಎರಡರ್ಥದ ಒಗಟುಗಳು, ಕೇಳಿದೊಡನೆ ಕಿವಿ ಕೆಂಪಾಗಿ, ಒಡೆದಾಗ ಒರಳೋ ಬೀಗವೋ ಆಗಿ ನಿರಪರಾಧಿಯಂತೆ ನಿಲ್ಲುವಂಥವು, ಹೆಂಗಸರ ಕೂಟದಲ್ಲಿಯೇ ಹೆಚ್ಚಾಗಿ ಹುಟ್ಟಿದುವೆಂದು ಕಾಣುತ್ತದೆ. ತಪ್ಪು ಕೇಳಿಸಿಕೊಂಡವರ ಮನಸ್ಸಿನದೆಂದು ಹೇಳಿ ಒಗಟು ಹಾಕಿದವಳು ಜಾರಿಕೊಳ್ಳುತ್ತಿದ್ದಳು. ಹೊಸದಾಗಿ ಬಂದ ನೆಂಟನೊಬ್ಬನು ಮೊದಲ ರಾತ್ರಿ ಬರಿಯ ನಗುವುದಕ್ಕೆ, ಎರಡನೆಯ ರಾತ್ರಿ ಉತ್ತರಿಸುವುದಕ್ಕೆ, ಆಮೇಲೆ ಕೆಣಕುವುದಕ್ಕೆ ಅಧಿಕಾರಿಯಾಗುತ್ತಿದ್ದನು. ಅವನನ್ನೇ ಯಾರಾದರೂ ಕೆಣಕಿದರೆಂದರೆ ಅವನು ಬಳಗಕ್ಕೆ ಸೇರಿದನೆಂದು ಅರ್ಥ.

ಮದುವೆಯಲ್ಲಿ ಈ ವಿದ್ಯೆ ಶಾಸ್ತ್ರದ ಸ್ಥಾನವನ್ನೇ ಪಡೆಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆ ಒಂದು ಕಡೆ, ಹೇಳಿದಲ್ಲದೆ ಹೊಸ್ತಿಲು ದಾಟಗೊಡೆವೆಂದು ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಇನ್ನೊಂದು ಕಡೆ. ನಡುವೆ ಸಿಕ್ಕಿದ ಮದುಮಗಳು ಪ್ರಾಸವಿಟ್ಟು, ಹೆಸರನ್ನು ಒಡಪಿನೊಳಗೆ ಅಡಗಿಸಿ ಹೇಳಿ ಪಾರಾಗುತ್ತಿದ್ದಳು. ಬಡಗಣ ಜಿಲ್ಲೆಗಳಲ್ಲಿ ತುರಾಯಿ ಕಲಗಿಗಳೆಂದು ಪಂಗಡ ಕಟ್ಟಿಕೊಂಡ ಲಾವಣಿಕಾರರು, ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಎಂದು ಬೇರೆಯಾಗಿ ಬೆಳಗಿನವರೆಗೂ ಹಾಡಿನಲ್ಲಿ ಜಗಳವಾಡಿ, ಬೆಳಗಾದೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರಾಗಿದ್ದರು. ನಾಗರಿಕ ಗೋಷ್ಠಿಯಲ್ಲಿ ಇದಕ್ಕೆ ಸಮಾನವಾದುದು ಅವಧಾನಿಯ ಸಭೆ: ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿಗಳಿಂದ ಪೀಡಿಸುವ ಪೃಚ್ಛಕರ ನಡುವೆ, ಅಪ್ರಸ್ತುತಪ್ರಸಂಗಿಯೆಂಬ ಒಬ್ಬನಿಗೆ ನಡುನಡುವೆ ಅಸಂಬದ್ಧ ಮಾತನ್ನಾಡಿ ಅವಧಾನಿಯ ಚಿತ್ತವನ್ನು ಕದಡುವುದೇ ಕೆಲಸ, ಸಭಿಕರು ಮನೆಗೆ ಹೋಗಿ ನೆನೆಯುವುದು ಅವನ ಮಾತನ್ನೇ.

ದಂಡಿಯು ಹೇಳಿದ ಮೂರನೆಯ ಉಪಯೋಗ, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದು, ಈಸೂರಿನಲ್ಲಿ 1942ರಲ್ಲಿ ವಿಲಕ್ಷಣವಾದ ರೂಪವನ್ನು ತಾಳಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಹೆಸರಾದ ಆ ಊರಿನ ಘೋಷವೇ ಒಡಪಿನ ಮನೆಯಲ್ಲಿ ಹುಟ್ಟಿದಂತಿದೆ. ಒಂದಕ್ಷರದ ವ್ಯತ್ಯಾಸದಿಂದ ಎಷ್ಟೋ ಊರುಗಳು ಒಂದು ಕಡೆ, ತಮ್ಮದೊಂದು ಊರು ಇನ್ನೊಂದು ಕಡೆ ತೂಗಿ ನಿಲ್ಲುತ್ತವೆ. ಭಾರತ ಬಿಟ್ಟು ತೊಲಗಿರೆಂಬ ಕರೆ ಬಂದ ಆ ವರ್ಷ ಊರವರು ವೀರಭದ್ರೇಶ್ವರನ ಗುಡಿಯ ಮೇಲೆ ಧ್ವಜವನ್ನು ಹಾರಿಸಿ, ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ತಮ್ಮ ಸರ್ಕಾರಕ್ಕೆ ಅಧಿಕಾರಿಗಳನ್ನೂ ಗೊತ್ತುಮಾಡಿದರು. ಅಮಲ್ದಾರನೆಂದು ಜಯಣ್ಣನೆಂಬ ಹುಡುಗ. ಪೊಲೀಸ್ ಸಬ್ ಇನ್‌ಸ್ಪೆಕ್ಟರನೆಂದು ಇನ್ನೊಬ್ಬ ಹುಡುಗ. ಎಳೆಯರನ್ನು ಕಾನೂನು ಸೆರೆಗೆ ತಳ್ಳಲಾರದೆಂಬುದು ಹಿರಿಯರ ಎಣಿಕೆಯಾಗಿತ್ತೆಂದು ಹೇಳುವರು. ದೊಡ್ಡವರು ಕೈಕಟ್ಟಿ ನಿಂತು ಹುಡುಗ ಅಮಲ್ದಾರನ ಅಪ್ಪಣೆಯನ್ನು ಕೇಳುವ ಆ ಏರ್ಪಾಡು ನನಗೆ ರಾಜಕೀಯದ ಉಪಾಯಕ್ಕಿಂತ ಹೆಚ್ಚಾಗಿ ಜಗಲಿಯ ಜನ ಸರ್ಕಾರಕ್ಕೆ ಹಾಕಿದ ಒಂದು ಒಗಟಾಗಿ ಕಾಣುತ್ತದೆ: ಹಿಡಿದರೆ ನಗೆಗೀಡು, ಬಿಟ್ಟರೆ ಸೋಲು.

ಆದರೆ ಒಗಟಿನ ಕಟ್ಟಳೆಯೆಲ್ಲ ಎರಡೂ ಕಡೆಯವರು ಬಳಗದವರಾಗಿದ್ದಾಗ ಮಾತ್ರ ನಡೆಯುವಂಥದು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರರು ಪೊಲೀಸರೊಡನೆ ಊರನ್ನು ಹೊಕ್ಕಾಗ ಊರವರು ಅವರಿಗೂ ಗಾಂಧಿ ಟೋಪಿಯನ್ನು ಧರಿಸಬೇಕೆಂದು ಒತ್ತಾಯಿಸಿದರು. ಜಗಲಿಯ ಮೇಲಾಗಿದ್ದರೆ ಟೋಪಿ ತೊಟ್ಟು ಎಲ್ಲರೂ ನಕ್ಕು ಮುಗಿಸಬಹುದಾಗಿದ್ದ ಪ್ರಸಂಗವು ಲಾಠಿಗೂ ಗುಂಡಿಗೂ ತಿರುಗಿ, ಕೆರಳಿದ ಜನರ ಕೈಯಲ್ಲಿ ಆ ಇಬ್ಬರು ಅಧಿಕಾರಿಗಳೂ ಪ್ರಾಣವನ್ನು ನೀಗಿದರು. ಮುಂದೆ ಸೈನ್ಯ ಬಂದಿತು, ಮನೆಗಳು ಲೂಟಿಯಾದುವು, ಜನರು ಕಾಡಿಗೆ ಓಡಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಿನಲ್ಲಿ ಗಲ್ಲಿಗೇರಿಸಲಾಯಿತು. ಅವರ ತ್ಯಾಗವನ್ನು ನಾಡು ಸ್ಮಾರಕ ಕಟ್ಟಿ ಗೌರವಿಸಿದೆ, ಅದು ಯುಕ್ತವೇ. ಆ ಊರಿನ ಚರಿತ್ರೆಯನ್ನು ಬರೆಯುವವರು ಬಾಲಕ ಅಮಲ್ದಾರನ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗಾದರೋ, ರಕ್ತಪಾತಕ್ಕೆ ಮುಂಚಿನ ಆ ಕೆಲವು ದಿನಗಳಲ್ಲಿ ಊರು ನಗುತ್ತಿದ್ದುದು, ತನ್ನ ಹಳೆಯ ವಿದ್ಯೆಯನ್ನು ನಂಬಿ ಸಾಮ್ರಾಜ್ಯದ ಮುಂದೆ ನಿಂತಿದ್ದುದು, ಐವರ ಹೆಸರುಗಳಷ್ಟೇ ಆದರದಿಂದ ನೆನೆಯತಕ್ಕದ್ದೆಂದು ತೋರುತ್ತದೆ.

ಅಡಕೆ ಸುಲಿಯುವುದಕ್ಕೆ ಯಂತ್ರ ಬಂದ ಮೇಲೆ ಇರುಳಿನ ಕೂಟಗಳು ವಿರಳವಾದುವು. ಬಳಗವು ಮಾತ್ರ ಬೇರೆ ಜಗಲಿಯನ್ನು ಹುಡುಕಿಕೊಂಡಿತು. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತನು 1913ರ ಡಿಸೆಂಬರ್ 21ರಂದು ಅಚ್ಚುಹಾಕಿಸಿದ ಚೌಕಗಳ ಆಟವು ಪದಬಂಧವೆಂಬ ಹೆಸರಿನಲ್ಲಿ ಕನ್ನಡದ ದಿನಪತ್ರಿಕೆ ವಾರಪತ್ರಿಕೆಗಳಿಗೆ ಬಂದಿತು, ಅ. ನಾ. ಪ್ರಹ್ಲಾದರಾವ್ ಅವರು ಒಬ್ಬರೇ ಸಾವಿರಾರು ಪದಬಂಧಗಳನ್ನು ರಚಿಸಿದ್ದಾರೆ. ಕನ್ನಡದಲ್ಲಿ ಈ ಆಟಕ್ಕೆ ತನ್ನದೇ ಆದ ತೊಡಕುಂಟು: ಇಂಗ್ಲಿಷಿನವರಂತೆ ಬಿಡಿ ವರ್ಣಕ್ಕೆ ಒಂದು ಮನೆಯಲ್ಲ, ಕಾಗುಣಿತ ಒತ್ತುಗಳೊಡನೆ ಇಡಿಯ ಅಕ್ಷರಕ್ಕೆ ಒಂದು ಮನೆ, ಆದುದರಿಂದ ಎಡದಿಂದ ಬಲಕ್ಕೆ ಬರುವ ಮಾತಿನ ‘ಸ್ತ್ರೀ’ಯು ಮೇಲಿನಿಂದ ಕೆಳಕ್ಕೆ ಇಳಿಯುವ ಮಾತಿನಲ್ಲಿಯೂ ಹಾಗೆಯೇ ಇರತಕ್ಕದ್ದು, ದೀರ್ಘವೂ ತಪ್ಪಕೂಡದು. ತಾಲ್ಲೂಕು ಊರುಗಳ ಹೋಟೆಲಿನಲ್ಲಿ, ಕ್ಷೌರದ ಅಂಗಡಿಯ ಬೆಂಚಿನ ಮೇಲೆ, ಬೆಳಗಿನ ಪತ್ರಿಕೆಗೆ ಮೊದಲು ಕೈ ಹಾಕಿದವನು ನಾಲ್ಕು ಮನೆಗಳನ್ನು ತುಂಬಿ ಹೋಗಿರುತ್ತಾನೆ. ಎರಡನೆಯವನು ಅದರಲ್ಲಿ ಒಂದನ್ನು ಹೊಡೆದುಹಾಕಿ ಮೇಲೆ ಬೇರೆ ಬರೆಯುತ್ತಾನೆ. ಮೂರನೆಯವನಾದ ನಿವೃತ್ತ ಮೇಷ್ಟರು ಕನ್ನಡಕವನ್ನು ಸರಿಪಡಿಸಿಕೊಂಡು, ಇಬ್ಬರ ಒತ್ತಕ್ಷರಗಳನ್ನೂ ತಿದ್ದಿ, ಅಂಚಿನಲ್ಲಿ ಇಬ್ಬರಿಗೂ ಸೊನ್ನೆ ಅಂಕವನ್ನು ಹಾಕಿಡುತ್ತಾರೆ. ಮಾರನೆಯ ದಿನ ಉತ್ತರ ಪ್ರಕಟವಾಗಿ, ಮೇಷ್ಟರದೂ ತಪ್ಪೆಂದು ತಿಳಿದಾಗ, ‘ಮೇಷ್ಟ್ರೇ, ಚಾ ನಿಮ್ಮ ಲೆಕ್ಕಕ್ಕೆ ಬರೆಸಿದೀನಿ’ ಎಂದು ಗಲ್ಲಾದಿಂದ ಕೂಗು ಬರುತ್ತದೆ. ‘ಬರಿಯೋ, ಬರಿ. ಆದ್ರೆ ಚಕಾರಕ್ಕೆ ದೀರ್ಘ ಹಾಕೋದು ಮರೀಬೇಡ’ ಎಂದು ಮೇಷ್ಟರು ಆ ದಿನದ ಪತ್ರಿಕೆಯನ್ನು ಬಿಡಿಸಿಕೊಳ್ಳುತ್ತಾರೆ.